ಇದಕ್ಕೂ ಅದಕ್ಕೂ ಸಂಬಂಧವಿಲ್ಲ

ಪಿತ್ತಕೋಶದ ಕಲ್ಲು ಹುಡುಕಲು ಹೋದವರಿಗೆ
ಬಲ ಮೂತ್ರಪಿಂಡದ ಮೇಲೆ ಸಿಕ್ಕಿತು,
ಆಲಿವ್ ಕಾಯಿಯ ಗಾತ್ರದ್ದು.
ಪೋರ್ತೊ ಮೊಂತ್ ಆಸ್ಪತ್ರೆ, ನಾಲ್ಕನೆಯ ಮಹಡಿ.
ಡಾಕ್ಟರ್ ಪಿಂಚೇರಾ ಪೆನ್ನಿನ ಹಿಂಬದಿಯಿಂದ ತೋರಿಸಿದಳು.
ಮಗಳಿದ್ದಿದ್ದರೆ ಅವಳಷ್ಟಿರುತ್ತಿದ್ದಳು ನನಗೆ.
ಹನ್ನೊಂದು ವರ್ಷದ ಹಿಂದಿನ ಫೈಲನ್ನೂ ತರಿಸಿ ನೋಡಿ ಅಂದಳು:
"ದೋನ್ಯಾ ಎದುವೀಹೆಸ್,
ಇದಕ್ಕೂ ಅದಕ್ಕೂ ಸಂಬಂಧವಿಲ್ಲ."

ಸಮಾಧಾನ ಹೇಳುವವಳ ಹಾಗೇ ಹೇಳಿದಳು.
ನಾನೂ ತಲೆಯಾಡಿಸಿದೆ,
ಊರಲ್ಲಿ ಯಾರದೋ ಮದುವೆ ಮುರಿದ ಸುದ್ದಿ
ಕೇಳಿದವಳ ಹಾಗೆ.

ಚಕಾವೋ ಕಾಲುವೆ ದಾಟುವಾಗ ಎಲ್ಲರೂ ಇಳಿದು
ಫೆರ್ರಿಯ ಕಟಕಟೆ ಹಿಡಿದು ನಿಂತರು.
ನಾನೊಬ್ಬಳೇ ಬಸ್ಸಿನೊಳಗೆ.
ಸಂಬಂಧವಿಲ್ಲ ಅಂದರೆ?
ಅದರ ಮಗಳಲ್ಲ, ತಂಗಿಯಲ್ಲ,
ಬಾದರಾಯಣನ ಕಡೆಯಿಂದಲೂ ನೆಂಟಸ್ತಿಕೆಯಿಲ್ಲ.
ಹಾಗಾದರೆ ಇದಕ್ಕೆ ವಿಳಾಸ ಕೊಟ್ಟವರು ಯಾರು?

ಎಡ ಮೊಲೆ ತೆಗೆಸಿಕೊಂಡವಳು ನಾನು.
ಅದರ ಪರಿಚಯವಿತ್ತು.
ಅದು ಬರುವ ದಾರಿಯನ್ನೇ ಕಾಯುತ್ತಿದ್ದೆ,
ಸ್ನಾನದಲ್ಲಿ ಬೆರಳಿಂದ, ಮಾರ್ಚಿನಲ್ಲಿ ಯಂತ್ರದಿಂದ,
ಕಂಕುಳು ತಡವಿ ತಡವಿ.
ಹನ್ನೊಂದು ವರ್ಷ ಮುಂಬಾಗಿಲಿಗೆ ಬೀಗ ಜಡಿದು
ಕೀಲಿಕೈ ಕೊರಳಲ್ಲೇ ಇಟ್ಟುಕೊಂಡಿದ್ದೆ.
ಇದು ಹಿತ್ತಿಲಿಂದ ಬಂದು
ಒಲೆಯ ಮುಂದೆ ಕೂತುಬಿಟ್ಟಿದೆ,
ಬೂಟು ಕೂಡ ಬಿಚ್ಚದೆ.

ಅಕ್ಕ ಓರ್ಫೆಲಿನಾ ಅಳಲಿಲ್ಲ. ಸಿಟ್ಟಾದಳು.
ಹಿಂದಿನ ಸಲ ಹರಕೆ ಹೊತ್ತವಳು ಅವಳೇ,
ಕಾವಾಚ್ ದ್ವೀಪದ ಯೇಸುವಿಗೆ.
ಆಗಸ್ಟಿನ ಚಳಿಯಲ್ಲಿ, ದೋಣಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ ಹೋಗಿ
ನನ್ನ ಸೊಂಟದೆತ್ತರದ ಮೇಣದಬತ್ತಿ ಹಚ್ಚಿ ಬಂದಿದ್ದಳು.
"ತೀರಿಸಿದ ಸಾಲಕ್ಕೆ ಮತ್ತೆ ನೋಟೀಸೇ?
ಹೋಗಿ ಕೇಳುತ್ತೇನೆ" ಅಂದಳು,
ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟ ಹಾಗೆ.
ಆಮೇಲೆ ಮೆಲ್ಲಗೆ: "ಕೂದಲು?"
ಇದಕ್ಕೆ ಕೂದಲು ಬೇಡವಂತೆ ಕಣೇ,
ಒಂದು ಮೂತ್ರಪಿಂಡ ಕೊಟ್ಟರೆ ಸಾಕಂತೆ.
ಇಬ್ಬರೂ ನಕ್ಕೆವು. ನಗಬಾರದಷ್ಟು ನಕ್ಕೆವು.
ಆ ವಿಗ್ಗನ್ನು ಶಾಲೆಯ ನಾಟಕಕ್ಕೆ ಕೊಟ್ಟು ಏಳು ವರ್ಷವಾಯಿತು;
ಪ್ರತಿ ವರ್ಷ ಯಾವುದೋ ಮಗು
ಅದನ್ನು ಹಾಕಿಕೊಂಡು ಮಾಟಗಾತಿಯಾಗುತ್ತದೆ.

ಕಷ್ಟ ಅದಲ್ಲ.

ಚಿಲೋಯೆಯಲ್ಲಿ ನಾವು ಮನೆ ಬಿಟ್ಟು ಹೋಗುವುದಿಲ್ಲ,
ಮನೆಯನ್ನೇ ಒಯ್ಯುತ್ತೇವೆ.
ಅಡಿಗೆ ದಿಮ್ಮಿ ತೂರಿಸಿ, ಹಗ್ಗ ಬಿಗಿದು, ಎತ್ತು ಹೂಡಿ,
ಊರಿಗೆ ಊರೇ ಹೆಗಲು ಕೊಟ್ಟು ಗುಡ್ಡ ಇಳಿಸಿ
ಉಬ್ಬರದ ನೀರಲ್ಲಿ ತೇಲಿಸಿ, ಆಚೆ ದಡಕ್ಕೆ.
ಮಿಂಗಾ ಅನ್ನುತ್ತೇವೆ. ಕೂಲಿಯಿಲ್ಲ.
ಊಟ ಹಾಕಿದರೆ ಮುಗಿಯಿತು.

ಆಗ ನನ್ನನ್ನೂ ಹಾಗೇ ಎಳೆದರು.
ಬಾಲ್ತಸಾರ್ ನನ್ನ ಆಲೂಗಡ್ಡೆ ಅಗೆದುಕೊಟ್ಟ.
ಟೀಚರ್ ನೋಲ್ಫಾ ಹದಿನಾರು ಸಲ
ಬಸ್ಸಿನಲ್ಲಿ ಪಕ್ಕದಲ್ಲೇ, ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು.
ದಡ ಮುಟ್ಟಿದ ದಿನ ಕುರಿ ಕಡಿದು ಬಡಿಸಿದೆ.

ಈಗ ಅದೇ ಬಾಗಿಲುಗಳನ್ನು ತಟ್ಟಿ ಏನೆನ್ನಲಿ?
ಮನೆಯನ್ನು ಇನ್ನೊಂದು ಸಲ ಎಳೆಯಬೇಕು, ಬನ್ನಿ ಅಂತಲೇ?
ಬಾಲ್ತಸಾರನ ಎತ್ತುಗಳಲ್ಲಿ ಒಂದು ಸತ್ತಿದೆ.
ನೋಲ್ಫಾಳ ಮಂಡಿ ಊದಿದೆ.
ನಾಚಿಕೆ, ಕಾಯಿಲೆಗಲ್ಲ,
ಉಂಡದ್ದು ಅರಗುವ ಮೊದಲೇ
ಮತ್ತೆ ಕರೆಯುವುದಕ್ಕೆ.

ಹೇಳಿರಲೇ ಇಲ್ಲ ಯಾರಿಗೂ.
ಗುರುವಾರ ಬೆಳಿಗ್ಗೆ ಬೇಲಿಯಾಚೆ ಬಾಲ್ತಸಾರ್,
ಟೊಪ್ಪಿ ಕೈಯಲ್ಲಿ.
ಓರ್ಫೆಲಿನಾಳ ಬಾಯಿ ಎಂದು ತಾನೇ ನಿಂತಿತ್ತು.
"ಈ ಸಲ ಯಾವ ಕಡೆ?" ಕೇಳಿದ.
ಬಲಗಡೆ, ಅಂದೆ.
ಸ್ವಲ್ಪ ಹೊತ್ತು ಗುಡ್ಡ ನೋಡಿದ.
"ಹಾಗಾದರೆ ಹಗ್ಗ ಎಡಗಡೆಯಿಂದ ಬಿಗಿಯಬೇಕು."
ಅವನಿಗೂ ನನಗೂ ಯಾವ ಸಂಬಂಧವೂ ಇಲ್ಲ.

ಒಳಗೆ ಬಂದು ದೊಡ್ಡ ಪಾತ್ರೆ ಒಲೆಗಿಟ್ಟೆ.
ಎಷ್ಟು ಜನ ಬರುತ್ತಾರೋ, ಯಾರಾದರೂ ಬರುತ್ತಾರೋ.
ಉಪ್ಪು ಕಡಿಮೆ ಮಾಡಿ ಅಂದಿದ್ದಳು ಡಾಕ್ಟರು.
ಮರೆತು,
ಮೊದಲಿನ ಅಳತೆಗೇ ಹಾಕಿಬಿಟ್ಟೆ.